ಗಟ್ಟಿ ಉಕ್ಕು ತರಿಸುವ ಕೈಪಿಡಿ, ರೆವಿಷನ್ 3

ಬಳಸುವ ಮುನ್ನ

ಅಭಿನಂದನೆಗಳು. ಗ್ಯಾಸ್ ಪೈಪ್‌ಲೈನಿಗೆ ಬೇಕಾದ ಫಿಟ್ಟಿಂಗ್ ಮತ್ತು ಫ್ಲ್ಯಾಂಜ್‌ಗಳ ಸ್ಪೆಕ್ ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದೆ. ನಿಮ್ಮ ಪ್ರತಿಭೆ ಮೆಚ್ಚಿ ಕೊಟ್ಟರು ಅಂದುಕೊಳ್ಳಬೇಡಿ. ಇಷ್ಟು ದಿನ ಬರೆಯುತ್ತಿದ್ದವರು ಮಗಳ ಮದುವೆಗೆಂದು ಊರಿಗೆ ಹೋಗಿದ್ದಾರೆ, ಟೆಂಡರ್ ಸೋಮವಾರ ಹೊರಡಬೇಕು, ಕಚೇರಿಯಲ್ಲಿ ಕೈ ಖಾಲಿ ಇದ್ದವರು ನೀವೊಬ್ಬರೇ.

ಈ ಕೈಪಿಡಿ ನಿಮ್ಮಂಥವರಿಗಾಗಿಯೇ ಇದೆ. ಮೂವತ್ತು ವರ್ಷ ಇದೇ ಕುರ್ಚಿಯಲ್ಲಿ ಕೂತು, ಮಾಡಬಹುದಾದ ತಪ್ಪುಗಳನ್ನೆಲ್ಲ ಶ್ರದ್ಧೆಯಿಂದ ಮಾಡಿ ಮುಗಿಸಿದವನು ಬರೆದದ್ದು. ರೆವಿಷನ್ 1 ಮತ್ತು 2 ಎಲ್ಲಾದರೂ ಸಿಕ್ಕರೆ ಹರಿದು ಹಾಕಿ. ಅವುಗಳಲ್ಲಿದ್ದ ಸಲಹೆಗಳನ್ನು ನಾನೇ ಪಾಲಿಸಿ ಪೆಟ್ಟು ತಿಂದಿದ್ದೇನೆ.

ಪೆಟ್ಟಿಗೆಯಲ್ಲಿ ಏನೇನಿದೆ

ಎಲ್ಬೋ: ಪೈಪು ತಿರುಗುವ ಕಡೆ. ಟೀ: ಕವಲೊಡೆಯುವ ಕಡೆ. ರಿಡ್ಯೂಸರ್: ದೊಡ್ಡ ಪೈಪು ಸಣ್ಣದಾಗುವ ಕಡೆ. ಫ್ಲ್ಯಾಂಜ್: ಬಿಚ್ಚಿ ಕೂಡಿಸಬೇಕಾದ ಕಡೆ, ಸುತ್ತ ಬೋಲ್ಟ್ ತೂತುಗಳಿರುವ ದಪ್ಪನೆಯ ಉಕ್ಕಿನ ಬಳೆ.

ಇವೆಲ್ಲ ನಿಮ್ಮ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲೂ ಇವೆ. ಅಲ್ಲಿ "ಒಂದಿಂಚಿನದು ಎರಡು ಎಲ್ಬೋ, ಒಂದು ಟೀ ಕೊಡಿ" ಅಂದರೆ ಅಂಗಡಿಯವರು ಡಬ್ಬಕ್ಕೆ ಕೈ ಹಾಕಿ ತೆಗೆದುಕೊಡುತ್ತಾರೆ. ತಪ್ಪು ತಂದಿದ್ದರೆ ಸಂಜೆಯೊಳಗೆ ಬದಲಾಯಿಸಿಕೊಂಡು ಬರಬಹುದು. ನೀವು ಈಗ ತರಿಸಲಿರುವ 36 ಇಂಚಿನ ಎಲ್ಬೋ ಒಳಗೆ ದೊಡ್ಡವರೊಬ್ಬರು ಕುಕ್ಕರಗಾಲಲ್ಲಿ ಕೂರಬಹುದು. ತಪ್ಪು ತಂದಿದ್ದರೆ ಅದನ್ನು ಬದಲಾಯಿಸಲು ಯಾರದೋ ಹೊಲ ಅಗೆಯಬೇಕು. ದಾಭೋಳದಿಂದ ಹೊರಟು ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಸೀಮೆಗಳನ್ನು ಹಾದು ಬೆಂಗಳೂರು ಮುಟ್ಟುವ, 2013ರಲ್ಲಿ ಚಾಲೂ ಆದ ಗ್ಯಾಸ್ ಲೈನು ಸುಮಾರು 1,000 ಕಿಲೋಮೀಟರ್ ಉದ್ದ. ಇಂಥ ಲೈನುಗಳೆಲ್ಲ ಬಹುಪಾಲು ಬೇರೆಯವರ ಹೊಲದಡಿಯಲ್ಲೇ ಮಲಗಿರುತ್ತವೆ.

ಹಂತ 1: ಹಳೆಯ ಫೈಲ್ ತೆರೆಯಿರಿ

ಹಳೆಯ ಪ್ರಾಜೆಕ್ಟಿನ ಸ್ಪೆಕ್ ತೆರೆಯಿರಿ. 'ಸೇವ್ ಆ್ಯಸ್' ಒತ್ತಿರಿ. ಪ್ರಾಜೆಕ್ಟಿನ ಹೆಸರು ಬದಲಿಸಿ. ಇಷ್ಟಾದರೆ ಮುಕ್ಕಾಲು ಕೆಲಸ ಮುಗಿಯಿತು ಎಂದು ಇಡೀ ಉದ್ಯಮ ನಂಬಿದೆ. ನಾನೂ ನಂಬಿದ್ದೆ.

ನನ್ನ ಕೈಗೆ ಸಿಕ್ಕಿದ್ದು ಯಾವುದೋ ಕಡಲತಳದ ಲೈನಿನ ಸ್ಪೆಕ್ಕು. ಹಿರಿಯೂರು ಕಡೆಯ ಹೊಲಗಳಲ್ಲಿ ಹಾಯುವ ಲೈನಿಗೆ ಅದನ್ನು ಒಗ್ಗಿಸುವಾಗ ಬಹಳ ಜಾಣತನದಿಂದ ಒಂದು ಸಾಲು ಅಳಿಸಿದೆ: "ಆಘಾತ ಪರೀಕ್ಷೆಯನ್ನು ಮೈನಸ್ 29 ಡಿಗ್ರಿಯಲ್ಲಿ ನಡೆಸತಕ್ಕದ್ದು." ಹಿರಿಯೂರಿಗೆ ಮೈನಸ್ ಎಲ್ಲಿಂದ ಬರಬೇಕು? ಏಪ್ರಿಲ್‌ನಲ್ಲಿ ಅಲ್ಲಿ ಕಾಗೆಯೂ ನೆರಳು ಹುಡುಕುತ್ತದೆ. ಇನ್ನೊಂದು ಸಾಲು ಕಣ್ತಪ್ಪಿ ಉಳಿದುಕೊಂಡಿತು: "ಫ್ಲ್ಯಾಂಜ್‌ಗಳು ಸಮುದ್ರತಳದ ಅಳವಡಿಕೆಗೆ ಯೋಗ್ಯವಾಗಿರಬೇಕು."

ಟೆಂಡರ್‌ಗೆ ಮುಂಚಿನ ಸಭೆಯಲ್ಲಿ ಪೂರೈಕೆದಾರರೊಬ್ಬರು ಎದ್ದು ನಿಂತು ಬಲು ವಿನಯದಿಂದ ಕೇಳಿದರು: "ಸಾರ್, ಹಿರಿಯೂರಿನ ಸಮುದ್ರ ಎಷ್ಟು ಆಳ ಇದೆ?"

ಸಭೆ ಬಿದ್ದುಬಿದ್ದು ನಕ್ಕಿತು. ನಗದೆ ಕೂತಿದ್ದವರು ನಮ್ಮ ಹಿರಿಯ ಎಂಜಿನಿಯರ್ ಒಬ್ಬರೇ. ಅವರು ಪುಟ ತಿರುವುತ್ತ ಹುಡುಕುತ್ತಿದ್ದದ್ದು ಉಳಿದ ಸಾಲನ್ನಲ್ಲ, ಅಳಿಸಿದ ಸಾಲನ್ನು.

"ಮೈನಸ್ 29 ಎಲ್ಲಪ್ಪಾ?"

"ಹಿರಿಯೂರು ಬಿಸಿಲು ಸೀಮೆ ಅಲ್ವಾ ಸಾರ್, ಅದಕ್ಕೇ..."

"ಲೈನ್ ಖಾಲಿ ಮಾಡೋವಾಗ ಹಿರಿಯೂರಿನ ಬಿಸಿಲು ಪೈಪಿನೊಳಗೆ ಹೋಗಿ ಕಾಯಿಸುತ್ತೇನಪ್ಪಾ?"

ಒತ್ತಡ ಇಳಿದರೆ ಗ್ಯಾಸ್ ತಣ್ಣಗಾಗುತ್ತದೆ. ಒಂದು ಬಾರ್ ಒತ್ತಡಕ್ಕೆ ಸುಮಾರು ಅರ್ಧ ಡಿಗ್ರಿ ಅಂತ ಲೆಕ್ಕ. ನೂರು ಬಾರ್ ಹತ್ತಿರ ಇರುವುದನ್ನು ಒಮ್ಮೆಲೇ ಬಿಟ್ಟರೆ ಮೂವತ್ತು ಡಿಗ್ರಿಯ ಗ್ಯಾಸ್ ಸೊನ್ನೆ ದಾಟಿ ಕೆಳಗಿಳಿಯುತ್ತದೆ. ಒತ್ತಡ ತಗ್ಗಿಸುವ ಸ್ಟೇಷನ್ನುಗಳಲ್ಲಿ ಸುಡುಬೇಸಿಗೆಯಲ್ಲೂ ಪೈಪಿನ ಮೈಮೇಲೆ ಬಿಳಿ ಹಿಮ ಕೂತಿರುವುದುಂಟು. ಚಳಿ ಹತ್ತಿದ ಉಕ್ಕು ಬಾಗುವುದನ್ನು ಮರೆತು ಗಾಜಿನ ಹಾಗೆ ಸಿಡಿಯಬಲ್ಲದು. ನಾನು ಅಳಿಸಿದ್ದು ಬೇಕಾಗಿದ್ದ ಸಾಲು, ಉಳಿಸಿದ್ದು ಬೇಡದ ಸಾಲು.

ಆದ್ದರಿಂದ ಈ ಕೈಪಿಡಿಯ ಒಂದೇ ನಿಯಮ: ಸ್ಪೆಕ್ಕಿನ ಪ್ರತಿ ಸಾಲೂ ಯಾವುದೋ ಪ್ರಶ್ನೆಗೆ ಉತ್ತರ. ಪ್ರಶ್ನೆ ಏನೆಂದು ಗೊತ್ತಾಗುವ ತನಕ ಸಾಲನ್ನು ಇಟ್ಟುಕೊಳ್ಳಲೂಬೇಡಿ, ಅಳಿಸಲೂಬೇಡಿ. ಮುಂದಿನ ಹಂತಗಳೆಲ್ಲ ಈ ನಿಯಮದ ಟಿಪ್ಪಣಿಗಳು.

ಹಂತ 2: ಎಷ್ಟು ಗಟ್ಟಿ ಬೇಕು ಹೇಳಿ

"ಉತ್ತಮ ಗುಣಮಟ್ಟದ ಗಟ್ಟಿ ಉಕ್ಕು" ಎಂದು ಬರೆಯಬೇಡಿ. ಅದು ವಧು ಬೇಕಾಗಿದ್ದಾಳೆ ಜಾಹೀರಾತಿನ ಭಾಷೆ. ಉಕ್ಕಿಗೆ ಸಂಖ್ಯೆ ಬೇಕು.

ಮಲೆನಾಡಿನ ಗಾಳಿಗೆ ಕೊಡೆಯ ಕಡ್ಡಿ ಬಾಗುತ್ತದೆ, ಗಾಳಿ ನಿಂತರೆ ನೆಟ್ಟಗಾಗುತ್ತದೆ. ಒಂದು ಮಿತಿ ಮೀರಿ ಬಾಗಿದ ಮೇಲೆ ಮಾತ್ರ ಅದು ಮೊದಲಿನಂತಾಗುವುದಿಲ್ಲ. ಆ ಮಿತಿಯೇ ಯೀಲ್ಡ್. ಎಪಿಐ 5ಎಲ್ ಎಂಬ ಪೈಪ್ ಮಾನದಂಡದ ಪ್ರಕಾರ ಎಕ್ಸ್ 70 ಪೈಪ್ ಎಂದರೆ ಚದರ ಇಂಚಿಗೆ 70,000 ಪೌಂಡ್ ತನಕ ಆ ಮಿತಿ ಮೀರದ ಉಕ್ಕು. ನಮ್ಮ ಲೆಕ್ಕದಲ್ಲಿ 485 ಮೆಗಾಪಾಸ್ಕಲ್. ಹೆಬ್ಬೆರಳಗಲದ ಉಕ್ಕಿಗೆ ಸರಕು ತುಂಬಿದ ಹನ್ನೆರಡು ಚಕ್ರದ ಲಾರಿಯನ್ನು ನೇತುಹಾಕಿದ ಹಾಗೆ.

ಇಷ್ಟು ಗಟ್ಟಿ ಏಕೆ ಬೇಕು? ಜಂಭಕ್ಕಲ್ಲ, ಉಳಿತಾಯಕ್ಕೆ. 914 ಮಿಲಿಮೀಟರ್ ವ್ಯಾಸ, 98 ಬಾರ್ ಒತ್ತಡ, ಮನೆಗಳು ವಿರಳವಾಗಿರುವ ಬಯಲು ಎಂದು ಇಟ್ಟುಕೊಳ್ಳಿ. ಅಲ್ಲಿ ಎಎಸ್‌ಎಂಇ ಬಿ31.8 ಎಂಬ ಸಂಹಿತೆ ಯೀಲ್ಡ್‌ನ ಶೇಕಡಾ 72ರಷ್ಟನ್ನು ಬಳಸಲು ಬಿಡುತ್ತದೆ. 360 ಮೆಗಾಪಾಸ್ಕಲ್‌ನ ಎಕ್ಸ್ 52 ತೆಗೆದುಕೊಂಡರೆ ಗೋಡೆ 17.3 ಮಿಲಿಮೀಟರ್ ದಪ್ಪ ಬೇಕು. ಎಕ್ಸ್ 70ಕ್ಕೆ 12.8 ಸಾಕು. ಮೀಟರಿಗೆ ಸುಮಾರು 98 ಕಿಲೋ ಉಕ್ಕು ಉಳಿಯಿತು. ಅಂದರೆ ಕಿಲೋಮೀಟರಿಗೆ 98 ಟನ್. ಸಾವಿರ ಕಿಲೋಮೀಟರಿಗೆ ಎಷ್ಟೆಂದು ನೀವೇ ಗುಣಿಸಿ, ಆಮೇಲೆ ಮ್ಯಾನೇಜರ ಮುಖ ನೋಡಿ.

ಮ್ಯಾನೇಜರು ಹಿಗ್ಗಿ ಕಾಫಿ ತರಿಸುತ್ತಾರೆ. ಕುಡಿಯಿರಿ. ಆದರೆ ಪೈಪು ತೆಳ್ಳಗಾದ ಆ ಗಳಿಗೆಯಿಂದಲೇ ನಿಮ್ಮ ಕಷ್ಟ ಶುರುವಾಗಿದೆ ಎಂದು ತಿಳಿಯಿರಿ.

ಹಂತ 3: ಜೋಡಿ ನೋಡಿ

ತೆಳ್ಳಗಿನ ಗಟ್ಟಿ ಪೈಪಿಗೆ ಮೆದು ಉಕ್ಕಿನ ಫ್ಲ್ಯಾಂಜ್ ಬೆಸೆದರೆ ಏನಾಗುತ್ತದೆ? ಬಲ ಕಡಿಮೆ ಇದ್ದ ಕಡೆ ದಪ್ಪ ಜಾಸ್ತಿ ಇರಬೇಕಾಗುತ್ತದೆ. ದಪ್ಪವನ್ನು ಯೀಲ್ಡ್‌ನಿಂದ ಗುಣಿಸಿದರೆ ಫ್ಲ್ಯಾಂಜಿನ ಕಡೆಯ ಲೆಕ್ಕ ಪೈಪಿನ ಕಡೆಯದಕ್ಕಿಂತ ಕಡಿಮೆ ಬರಕೂಡದು. ಜೊತೆಗೆ ಬೆಸುಗೆಯ ತುದಿಯಲ್ಲಿ ಫ್ಲ್ಯಾಂಜಿನ ದಪ್ಪ ಪೈಪಿನ ಒಂದೂವರೆ ಪಟ್ಟು ಮೀರಕೂಡದು.

ಗೋದಾಮಿನಲ್ಲಿ ಯಾವಾಗಲೂ ಸಿಗುವುದು ಎ 105 ಎಂಬ ಸಾಧು ಉಕ್ಕು. ಯೀಲ್ಡ್ 250. ನಮ್ಮ 12.8 ಮಿಲಿಮೀಟರ್ ಎಕ್ಸ್ 70 ಪೈಪಿಗೆ ಅದನ್ನು ಕಟ್ಟಲು ಹೊರಟರೆ ತುದಿ 24.8 ಮಿಲಿಮೀಟರ್ ಬೇಕು. ಪೈಪಿನ 1.94 ಪಟ್ಟು. ಸಂಬಂಧ ಕೂಡಿ ಬರುವುದಿಲ್ಲ. ಎಫ್ 52 ಫ್ಲ್ಯಾಂಜಾದರೆ 17.2 ಮಿಲಿಮೀಟರ್, 1.35 ಪಟ್ಟು, ನಡೆಯುತ್ತದೆ. ಎಫ್ 70 ಆದರೆ ಪೈಪಿಗೆ ಪೈಪೇ ಬೆಸೆದಷ್ಟು ಸಲೀಸು.

ಹಾಗಾಗಿ ಫ್ಲ್ಯಾಂಜಿಗೆ ಎಎಸ್‌ಟಿಎಂ ಎ 694ರ 'ಎಫ್' ಸಂಖ್ಯೆ, ಎಲ್ಬೋ ಮತ್ತು ಟೀಗಳಿಗೆ ಎಂಎಸ್‌ಎಸ್ ಎಸ್‌ಪಿ-75 ಅಥವಾ ಎ 860ರ 'ಡಬ್ಲ್ಯುಪಿಎಚ್‌ವೈ' ಸಂಖ್ಯೆ ಬರೆಯಿರಿ. ಆ ಉದ್ದ ಹೆಸರಿನ ಕೊನೆಯ ಎರಡಕ್ಷರ ಹೈ ಯೀಲ್ಡ್ ಎಂಬುದರ ಮೊಟಕು ರೂಪ. ಪೈಪ್ ಎಕ್ಸ್ 70 ಆದರೆ ಡಬ್ಲ್ಯುಪಿಎಚ್‌ವೈ 70, ಎಫ್ 70. ಮೂರಕ್ಕೂ ಒಂದೇ ಸಂಖ್ಯೆ ನೋಡಿದಾಗ ಮನಸ್ಸಿಗೆ ಸಮಾಧಾನವಾಗುತ್ತದೆ. ಸಮಾಧಾನ ಪಡಬೇಡಿ. ಸಂಖ್ಯೆ ಈಗಿನ್ನೂ ಕಾಗದದ ಮೇಲಿದೆ.

ಎಚ್ಚರಿಕೆ: 'ಕ್ಲಾಸ್ 600' ಎಂಬುದನ್ನು 600 ಪೌಂಡ್ ಒತ್ತಡ ಎಂದು ಓದಬೇಡಿ. ಮಾಮೂಲಿ ಶಾಖದಲ್ಲಿ ಆ ದರ್ಜೆಯ ಕಾರ್ಬನ್ ಉಕ್ಕಿನ ಫ್ಲ್ಯಾಂಜ್ ಚದರ ಇಂಚಿಗೆ 1,480 ಪೌಂಡ್, ಅಂದರೆ 102 ಬಾರ್ ತಡೆಯುತ್ತದೆ. 98 ಬಾರ್‌ಗೆ ಅದು ಸಾಕು. ಹುಷಾರಿಗೆಂದು ಕ್ಲಾಸ್ 900 ಬರೆದರೆ ಕ್ರೇನಿನವನೂ ಲೆಕ್ಕಪತ್ರದವರೂ ಒಟ್ಟಿಗೆ ಬೈಯುತ್ತಾರೆ.

ಹಂತ 4: ಮಸಾಲೆ ಅಳೆಯಿರಿ

ಉಕ್ಕನ್ನು ಗಟ್ಟಿ ಮಾಡುವ ಅಗ್ಗದ ಉಪಾಯ ಇಂಗಾಲ ಸುರಿಯುವುದು. ಸಾರಿಗೆ ರುಚಿ ಸಾಲದಾಗ ಖಾರದಪುಡಿ ಸುರಿದ ಹಾಗೆ. ಫ್ಯಾಕ್ಟರಿಯಲ್ಲಿ ಬಲದ ಸಂಖ್ಯೆ ಬರುತ್ತದೆ. ಆಮೇಲೆ ಸೈಟಿನಲ್ಲಿ, ಕಂದಕದ ಪಕ್ಕ, ಗಾಳಿಯಲ್ಲಿ ಟಾರ್ಪಾಲು ಹಿಡಿದು ಬೆಸೆಯುವ ವೆಲ್ಡರ್ ಅದರ ಉರಿ ಅನುಭವಿಸುತ್ತಾನೆ. ಬೆಸುಗೆಯ ಅಂಚು ಬೇಗ ಆರಿ ಪೆಡಸಾಗಿ, ಒಂದೆರಡು ದಿನ ಬಿಟ್ಟು, ಎಲ್ಲರೂ ಫೋಟೋ ತೆಗೆಸಿಕೊಂಡು ಹೋದ ಮೇಲೆ ಬಿರುಕು ಬಿಡಬಹುದು.

ಅದಕ್ಕೇ ಇಂಗಾಲದ ಸಮಾನಾಂಕ ಎಂಬ ಲೆಕ್ಕ. ಇಂಗಾಲ ಪೂರ್ತಿ, ಮ್ಯಾಂಗನೀಸಿನ ಆರನೇ ಒಂದು ಭಾಗ, ಕ್ರೋಮಿಯಂ, ಮಾಲಿಬ್ಡಿನಂ, ವನೇಡಿಯಂ ಕೂಡಿಸಿ ಐದನೇ ಒಂದು ಭಾಗ, ನಿಕ್ಕಲ್ ಮತ್ತು ತಾಮ್ರ ಕೂಡಿಸಿ ಹದಿನೈದನೇ ಒಂದು ಭಾಗ. ಇಂಗಾಲ 0.10, ಮ್ಯಾಂಗನೀಸ್ 1.50, ಮುಂದಿನ ಮೂರೂ ಸೇರಿ 0.25, ಕೊನೆಯ ಎರಡೂ ಸೇರಿ 0.45 ಇದ್ದರೆ ಮೊತ್ತ 0.43. ಎಪಿಐ 5ಎಲ್‌ನ ಪಿಎಸ್‌ಎಲ್ 2 ಎಂಬ ಬಿಗಿ ದರ್ಜೆಯ ಪೈಪಿಗೆ ಈ ಸೂತ್ರದ ಗರಿಷ್ಠ ಇದೇ. ಫಿಟ್ಟಿಂಗಿಗೂ ಇಂಥದೊಂದು ಮೇಲ್ಮಿತಿ ಬರೆಯಿರಿ. ಬರೆಯದಿದ್ದರೆ ಅಡುಗೆಯವನ ಕೈರುಚಿಗೆ ಬಿಟ್ಟಂತೆ.

ಹಂತ 5: ಪರೀಕ್ಷೆ ಮಾಡಿಸಿ, ಎಲ್ಲಿಂದ ಕತ್ತರಿಸಿದ ತುಂಡು ಎಂದು ಕೇಳಿ

ಕೋಡುಬಳೆ ಹೊಸೆದವರಿಗೆ ಎಲ್ಬೋ ಅರ್ಥವಾಗುತ್ತದೆ. ಹಿಟ್ಟಿನ ಎಳೆಯನ್ನು ಬಾಗಿಸುವಾಗ ಹೊರಗಿನ ಅಂಚು ಎಳೆದುಕೊಂಡು ತೆಳುವಾಗುತ್ತದೆ, ಒಳಗಿನ ಅಂಚು ಮುದುಡಿ ದಪ್ಪವಾಗುತ್ತದೆ, ಹಿಟ್ಟಿನ ಹದ ತಪ್ಪಿದ್ದರೆ ಹೊರಗೆ ಸೀಳುತ್ತದೆ. ಉಕ್ಕಿನದೂ ಅದೇ ಕಥೆ. ಆದ್ದರಿಂದ ದಪ್ಪ ಅಳೆಯುವವರು ಕೈಗೆ ಸಿಕ್ಕ ಕಡೆ ಅಲ್ಟ್ರಾಸೋನಿಕ್ ಮೀಟರ್ ಒತ್ತಿ ಬರೆದುಕೊಂಡು ಹೋಗದಿರಲಿ. ಹೊರಬಾಗಿನಲ್ಲಿ, ಉದ್ದಕ್ಕೂ ಅಳೆಯಬೇಕೆಂದು ಬರೆಯಿರಿ.

ಫ್ಲ್ಯಾಂಜ್ ಅರ್ಥವಾಗಲು ಮುದ್ದೆ ಉಂಡಿರಬೇಕು. ತಟ್ಟೆಗೆ ಬಿದ್ದ ಬಿಸಿ ಮುದ್ದೆಯ ಹೊರಮೈ ಆಗಲೇ ಆರಿರುತ್ತದೆ, ಮುರಿದು ಬಾಯಿಗಿಟ್ಟವನ ನಾಲಗೆ ಮಾತ್ರ ಸುಡುತ್ತದೆ. ಕೆಂಪಗೆ ಕಾಯಿಸಿದ ಉಕ್ಕನ್ನು ನೀರಿನಲ್ಲಿ ಅದ್ದಿ ಬಲ ಬರಿಸುವಾಗ ಆಗುವುದೂ ಇದೇ. ಮೈ ಸರ್ರನೆ ಆರಿ ಗಟ್ಟಿಯಾಗುತ್ತದೆ, ಹೊಟ್ಟೆ ನಿಧಾನವಾಗಿ ಆರಿ ಮೆತ್ತಗೆ ಉಳಿಯುತ್ತದೆ. ಈಗ ಚಾಲಾಕಿ ತಯಾರಕ ಏನು ಮಾಡುತ್ತಾನೆ? ದೊಡ್ಡ ಮುದ್ದೆಯ ಜೊತೆ ನೆಲ್ಲಿಕಾಯಿ ಗಾತ್ರದ್ದೊಂದನ್ನು ಅದ್ದುತ್ತಾನೆ. ಸಣ್ಣದು ಒಳಗೂ ಹೊರಗೂ ಚೆನ್ನಾಗಿ ಆರುತ್ತದೆ. ಅದನ್ನೇ ಲ್ಯಾಬಿಗೆ ಕಳಿಸಿ, ಬಂದ ಅಂಕಪಟ್ಟಿಯನ್ನು ದೊಡ್ಡದರ ಕೊರಳಿಗೆ ಕಟ್ಟುತ್ತಾನೆ. ಇದರಲ್ಲಿ ಸುಳ್ಳೇನಿಲ್ಲ, ನೀವು ಕೇಳದೇ ಇದ್ದದ್ದೊಂದೇ ತಪ್ಪು. "ಪರೀಕ್ಷಾ ತುಂಡು ಅದೇ ದಪ್ಪದ, ಅದೇ ಹೀಟಿನ (ಒಂದೇ ಸಲ ಕರಗಿಸಿದ ಉಕ್ಕಿನ), ಜೊತೆಗೇ ಕಾಯಿಸಿ ಅದ್ದಿದ ಫ್ಲ್ಯಾಂಜಿನಿಂದ ಕತ್ತರಿಸಿದ್ದಾಗಿರಬೇಕು" ಎಂಬ ಸಾಲು ನಿಮ್ಮ ಸ್ಪೆಕ್ಕಿನ ಅತ್ಯಂತ ದುಬಾರಿ ಸಾಲು. ಖರೀದಿ ವಿಭಾಗದವರು ಮೊದಲು ಹೊಡೆದುಹಾಕಲು ನೋಡುವುದು ಇದನ್ನೇ.

ಆಘಾತ ಪರೀಕ್ಷೆಯನ್ನೂ ಮರೆಯಬೇಡಿ. ನನ್ನ ಹಾಗೆ ಅಳಿಸಲೂಬೇಡಿ. ಬರೇ 'ಎ 694' ಎಂದು ಬರೆದು ಸುಮ್ಮನಾದರೆ ಆ ಪರೀಕ್ಷೆ ತಾನಾಗಿ ಬರುವುದಿಲ್ಲ. ಹತ್ತು ಮಿಲಿಮೀಟರ್ ಚೌಕದ, 55 ಮಿಲಿಮೀಟರ್ ಉದ್ದದ ಕಡ್ಡಿ. ನಡುವೆ ಎರಡು ಮಿಲಿಮೀಟರ್ ಆಳದ ಕಚ್ಚು. ಅದನ್ನು ಕೊರೆವ ತಣ್ಪಿನ ದ್ರವದಿಂದ ಇಕ್ಕಳದಲ್ಲಿ ಎತ್ತಿ ಇಟ್ಟ ಕೆಲವೇ ಕ್ಷಣಗಳಲ್ಲಿ ಸುತ್ತಿಗೆ ಬೀಸಿ ಬರುತ್ತದೆ. ಚಾರ್ಪಿ ಪರೀಕ್ಷೆ ಎಂದರೆ ಇಷ್ಟೇ. ಒಳ್ಳೆಯ ಉಕ್ಕು ಹಲ್ಲು ಕಚ್ಚಿ ಹರಿಯುತ್ತದೆ, ಮುರಿದ ಮುಖ ಮಾಸಲು ನಾರಿನಂತಿರುತ್ತದೆ. ಕೆಟ್ಟದ್ದು ಠಣ್ಣೆಂದು ತುಂಡಾಗಿ ಸಕ್ಕರೆಯ ಹಾಗೆ ಹೊಳೆಯುತ್ತದೆ. ಒಮ್ಮೆ ಲ್ಯಾಬಿಗೆ ಹೋಗಿ ಆ ಎರಡು ಶಬ್ದ ಕೇಳಿಸಿಕೊಂಡು ಬನ್ನಿ. ಹತ್ತು ಕ್ಲಾಸು ಕಲಿಸದ್ದನ್ನು ಕಲಿಸುತ್ತವೆ.

ಇದೆಲ್ಲ ಅತಿಯಾಯಿತು ಅನ್ನುವವರಿಗೆ ಎರಡು ತಾರೀಖು ಕೊಡಿ. 2009ರಲ್ಲಿ ಅಮೆರಿಕದ ಪೈಪ್‌ಲೈನ್ ಸುರಕ್ಷತಾ ಇಲಾಖೆ, ಗಟ್ಟಿ ಎಂದು ಬಂದ ಪೈಪುಗಳ ಯೀಲ್ಡ್ ಹೇಳಿದ್ದಕ್ಕಿಂತ ಕಡಿಮೆ ಇರಬಹುದೆಂದು ಸೂಚನೆ ಹೊರಡಿಸಿತು. 2016ರಲ್ಲಿ ಕೆನಡಾದ ರಾಷ್ಟ್ರೀಯ ಇಂಧನ ಮಂಡಳಿ ಅದ್ದಿ ಗಟ್ಟಿಮಾಡಿದ ಫಿಟ್ಟಿಂಗ್‌ಗಳ ಬಗ್ಗೆಯೇ ಸುರಕ್ಷತಾ ಎಚ್ಚರಿಕೆ ಕೊಟ್ಟಿತು. ಅವರ ಫೈಲುಗಳಲ್ಲೂ ಕಾಗದಗಳು ಸರಿಯಾಗಿಯೇ ಇದ್ದವು.

ಹಂತ 6: ಪೆಟ್ಟಿಗೆ ಬಂದಾಗ

ಮಾಲು ಬರುವ ದಿನ ಕಚೇರಿಯಲ್ಲಿ ಕೂರಬೇಡಿ. ಯಾರ್ಡಿಗೆ ಹೋಗಿ. ಬೇಕಾಗುವ ಸಾಮಾನು: ತಂತಿ ಬ್ರಷ್, ಓದುವ ಕನ್ನಡಕ, ಟಾರ್ಚ್, ಬಿಸಿ ಚಹಾ.

ಪ್ರಮಾಣಪತ್ರದಲ್ಲಿ ದರ್ಜೆಗಳಿವೆ. ಇಎನ್ 10204ರ ಪ್ರಕಾರ 2.1 ಎಂದರೆ "ಕೇಳಿದ್ದನ್ನೇ ಕೊಟ್ಟಿದ್ದೇವೆ, ನಂಬಿ." 3.1 ಎಂದರೆ ತಯಾರಕರದೇ, ಆದರೆ ತಯಾರಿ ವಿಭಾಗಕ್ಕೆ ಅಧೀನನಲ್ಲದ ಅಧಿಕಾರಿ ಸಹಿ ಹಾಕಿದ ಪರೀಕ್ಷಾ ಫಲಿತಾಂಶ. 3.2 ಎಂದರೆ ಅದಕ್ಕೆ ನಿಮ್ಮ ಕಡೆಯವರದೋ ಮೂರನೆಯವರದೋ ಸಹಿಯೂ ಬಿದ್ದದ್ದು. ಯಾವುದು ಬೇಕೆಂದು ಸ್ಪೆಕ್ಕಿನಲ್ಲಿ ಹೇಳದಿದ್ದರೆ ಅತ್ಯಂತ ತೆಳ್ಳಗಿನದು ಬರುತ್ತದೆ.

ಒಂದು ಸಲ ಎಫ್ 70 ಫ್ಲ್ಯಾಂಜ್‌ಗಳು ಬಂದವು. ಪೇಂಟು ಪಳಪಳ, ಪತ್ರ ಅಚ್ಚುಕಟ್ಟು. ಅಂಚಿನ ಪೇಂಟನ್ನು ನಮ್ಮ ಇನ್ಸ್‌ಪೆಕ್ಟರು ಬ್ರಷ್ಷಿನಿಂದ ಉಜ್ಜಿದರು. ಕೆಳಗೆ ಪಂಚ್ ಹೊಡೆದ ಹೀಟ್ ನಂಬರು. ಪತ್ರದಲ್ಲಿ ಕೊನೆಯ ಅಂಕಿ 1, ಉಕ್ಕಿನಲ್ಲಿ 7.

ಪೂರೈಕೆದಾರರ ಕಡೆಯ ಹುಡುಗ ತಕ್ಷಣ ಅಂದ: "ಟೈಪಿಂಗ್ ಮಿಸ್ಟೇಕು ಸಾರ್."

ಇನ್ಸ್‌ಪೆಕ್ಟರು ಕನ್ನಡಕದ ಮೇಲಿಂದ ನೋಡಿದರು. "ಇದು ಟೈಪಿಂಗ್ ಅಲ್ಲ ಕಣಪ್ಪ, ಪಂಚು. ಸುತ್ತಿಗೆ ತಗೊಂಡು ಹೊಡ್ದಿರೋದು."

ಕೈಯಲ್ಲಿ ಹಿಡಿಯುವ ಗಡಸುತನದ ಮೀಟರ್ ಇಟ್ಟು ನೋಡಿದೆವು. 165ರ ಮೇಲೆ ಬರಬೇಕಿದ್ದ ಕಡೆ 138. ಬೇರೆ ಕಡೆ ಇಟ್ಟೆವು, 141. ಗಡಸುತನ ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲದು. ಒಂದನ್ನು ಬಲಿ ಕೊಟ್ಟು, ತುಂಡು ಕತ್ತರಿಸಿ ಎಳೆದು ನೋಡಿದ ಮೇಲೆ ಇಡೀ ಲಾರಿ ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. ಹುಡುಗನ ತಪ್ಪೇನಿರಲಿಲ್ಲ. ಅವನಿಗೂ ಯಾರೋ ಹಾಗೆ ಹೇಳಲು ಹೇಳಿಕೊಟ್ಟಿದ್ದರು.

ತೊಂದರೆ ಮತ್ತು ಪರಿಹಾರ

ತೊಂದರೆ: 36 ಇಂಚಿನ ಎರಡು ಫ್ಲ್ಯಾಂಜ್ ಎದುರುಬದುರು ಇಟ್ಟರೆ ಬೋಲ್ಟ್ ತೂತುಗಳು ಕೂಡುತ್ತಿಲ್ಲ. ಪರಿಹಾರ: 24 ಇಂಚಿನವರೆಗೆ ಬಿ16.5 ಎಂಬ ಒಂದೇ ಮನೆತನ. 26 ಇಂಚಿನಿಂದ ಬಿ16.47 ಶುರು, ಅದರಲ್ಲಿ ಸೀರೀಸ್ ಎ, ಸೀರೀಸ್ ಬಿ ಎಂಬ ದಾಯಾದಿಗಳು. ಕ್ಲಾಸ್ 150ರ 36 ಇಂಚಿನಲ್ಲಿ ಎ ಗೆ 32 ಬೋಲ್ಟು, ಬಿ ಗೆ 44. ನೀವು ಎ ಬರೆದಿರಿ, ವಾಲ್ವ್ ತರಿಸಿದವರು ಏನೂ ಬರೆಯಲಿಲ್ಲ. ಈಗ ಇಬ್ಬರೂ ಒಬ್ಬರನ್ನೊಬ್ಬರು ಬೈದು ಪತ್ರ ಬರೆಯಿರಿ.

ತೊಂದರೆ: ಪೈಪಿನೊಳಗೆ ಪಿಗ್ ಸಿಕ್ಕಿಕೊಂಡಿದೆ. ಪರಿಹಾರ: ಗಾಬರಿಯಾಗಿ ಪಶುವೈದ್ಯರನ್ನು ಕರೆಸಬೇಡಿ. ಪಿಗ್ ಎಂದರೆ ಗ್ಯಾಸಿನ ನೂಕಿಗೆ ಜಾರಿಕೊಂಡು ಹೋಗಿ ಲೈನು ಗುಡಿಸುವ, ಗೋಡೆ ಪರೀಕ್ಷಿಸುವ ಯಂತ್ರ. ಫಿಟ್ಟಿಂಗನ್ನು ದಪ್ಪ ಮಾಡಿದವರು ಒಳಮುಖಕ್ಕೆ ದಪ್ಪ ಮಾಡಿದ್ದಾರೆ, ಇಲ್ಲವೇ ಟೀಯ ಕವಲಿಗೆ ಅಡ್ಡಪಟ್ಟಿ ಹಾಕಿಲ್ಲ, ಹಂದಿ ಅಡ್ಡದಾರಿ ಹಿಡಿದಿದೆ. ಒಳವ್ಯಾಸ ಪೈಪಿನದಕ್ಕೆ ಸಮ ಇರಬೇಕು, ದೊಡ್ಡ ಕವಲಿಗೆ ಪಟ್ಟಿ ಇರಬೇಕು, ತಿರುವು ಸಾಕಷ್ಟು ನಿಧಾನವಾಗಿರಬೇಕು. ಇದನ್ನೆಲ್ಲ ಮೊದಲೇ ಬರೆಯಬೇಕಿತ್ತು.

ತೊಂದರೆ: ಪೂರೈಕೆದಾರರು "ಅಥವಾ ತತ್ಸಮಾನ" ಎಂಬ ಎರಡು ಪದ ಸೇರಿಸಿ ಎನ್ನುತ್ತಿದ್ದಾರೆ. ಪರಿಹಾರ: ಸಮಾನ ಎಂದು ತೀರ್ಮಾನಿಸುವವರು ಯಾರು, ಯಾವ ಪರೀಕ್ಷೆಯಿಂದ ಎಂಬುದನ್ನೂ ಸೇರಿಸಿ. ಅವರೇ ಆ ಪದಗಳನ್ನು ವಾಪಸ್ಸು ತೆಗೆದುಕೊಳ್ಳುತ್ತಾರೆ.

ಖಾತರಿ

ಸಾಮಾನ್ಯವಾಗಿ ಕೈಪಿಡಿಯ ಈ ಭಾಗದಲ್ಲಿ ಯಾವುದಕ್ಕೂ ನಾವು ಜವಾಬ್ದಾರರಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ರೆವಿಷನ್ 2ರಲ್ಲಿ ನಾನೂ ಹಾಗೇ ಬರೆದಿದ್ದೆ. ಅದನ್ನು ತೆಗೆಯಲು ಕಾರಣವಿದೆ.

ಆ ಹಿರಿಯೂರು ಕಡೆಯ ಲೈನು ಮುಗಿಯಿತು. ನೀರು ತುಂಬಿ ಒತ್ತಡ ಹಾಕಿ ನೋಡಿದ್ದಾಯಿತು, ಮಣ್ಣು ಮುಚ್ಚಿದ್ದಾಯಿತು. ಮಾರ್ಕರ್ ಕಲ್ಲುಗಳನ್ನು ನೋಡುತ್ತ ನಡೆಯುತ್ತಿದ್ದಾಗ ಹೊಲದ ಯಜಮಾನರು ಎದುರಾದರು. 1962ರ ಕಾಯಿದೆಯಂತೆ ಹೊಲ ಅವರದೇ, ಅದರಡಿ ಪೈಪು ಹಾಯಿಸುವ ಹಕ್ಕು ಮಾತ್ರ ಕಂಪನಿಯದು.

"ಮ್ಯಾಲೆ ಶೇಂಗಾ ಹಾಕ್ಬೋದಾ ಸಾ?"

"ಹಾಕಿ ಯಜಮಾನ್ರೇ. ಮರ ನೆಡಂಗಿಲ್ಲ, ಬಾವಿ ತೋಡಂಗಿಲ್ಲ, ಮನೆ ಕಟ್ಟಂಗಿಲ್ಲ."

"ಅದೆಲ್ಲ ನೋಟೀಸ್‌ನಾಗೈತೆ ಬಿಡಿ." ಅವರು ಕಾಲಿನಿಂದ ಒಂದು ಹೆಂಟೆ ಒಡೆದರು. "ಒಳಗಿರೋದು ಗಟ್ಟಿ ಐತಾ?"

ನಲವತ್ತು ಪುಟದ ಸ್ಪೆಕ್ಕಿನ ಅಷ್ಟೂ ಸಾಲು ಯಾವ ಪ್ರಶ್ನೆಗೆ ಉತ್ತರವೆಂದು ನನಗೆ ಯಾರೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಎಪ್ಪತ್ತು ಸಾವಿರ ಪೌಂಡ್, 0.43, ಮೈನಸ್ 29 ಎಲ್ಲವೂ ಬಾಯಿಯ ತನಕ ಬಂದವು. ಆ ಲೈನಿನ ಫ್ಲ್ಯಾಂಜ್‌ಗಳ ಅಂಚು ನಾನೇ ಉಜ್ಜಿ ನಂಬರು ಓದಿದ್ದೆನೇ, ಅಥವಾ ಆ ದಿನ ಮಳೆಯೆಂದು ಬೇರೆಯವರನ್ನು ಕಳಿಸಿದ್ದೆನೇ ಎಂದು ನೆನಪು ಮಾಡಿಕೊಂಡೆ.

ಓದಿದ್ದೆ.

"ಗಟ್ಟಿ ಐತೆ" ಅಂದೆ.

ಅವರು ತಲೆಯಾಡಿಸಿ ಎತ್ತುಗಳ ಕಡೆ ನಡೆದರು. 3.2 ಪತ್ರ ಕೇಳಲಿಲ್ಲ.